ಹುಲಿಗೆವ್ವನ ನಡಿಗೆ

“ನಿಮ್ಮವ್ವ ಏನ್ ಮೀನೇನಲೇ, ನೀರಾಗ ಸಂಸಾರ ಮಾಡಾಕ?”

ನೆಲೆ ಅಧಿಕಾರಿ ಕುಲಗೋಡ ಸಾಹೇಬರು ಈ ಮಾತನ್ನು ಮೆಲ್ಲಗೆ ಆಡಲಿಲ್ಲ. ಹೊರಗೆ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತವರಿಗೂ ಕೇಳುವಂತೆ ಆಡಿದರು. ಪಾಳಿಯಲ್ಲಿ ನಿಂತಿದ್ದ ಮಂದಿ ಗೊಳ್ಳೆಂದು ನಕ್ಕಿತು. ನಕ್ಕವರಲ್ಲಿ ಅರ್ಧದಷ್ಟು ಜನ ಕೌಂಟರಿನ ಮುಂದೆ ನಿಂತ ಯಮನೂರನ ಊರಿನವರೇ. ಅವರ ಮನೆಯ ಬಾಗಿಲು ಚೌಕಟ್ಟುಗಳನ್ನು ಹೆಗಲು ಕೊಟ್ಟು ಎತ್ತಿ, ತನ್ನ ಟಂಟಂ ಗಾಡಿಯಲ್ಲಿ ಹೇರಿ, ಹೊಸ ಊರಿಗೆ ತಂದು ಇಳಿಸಿದವನು ಇದೇ ಯಮನೂರ. ಅವರು ನಕ್ಕದ್ದು ಅವನ ಬೆನ್ನಿಗೆ ಚುಚ್ಚಿತು.

ಸಾಹೇಬರು ಅಷ್ಟಕ್ಕೇ ಬಿಡಲಿಲ್ಲ. ಮುಂದಿದ್ದ ಪರದೆಯನ್ನು ಪಾಳಿಯ ಕಡೆಗೆ ತಿರುಗಿಸಿದರು.

“ನೋಡ್ರಿ ಎಲ್ಲಾರೂ. ಹುಲಿಗೆವ್ವ, ನಿವೃತ್ತ ಆಯಾ. ವಾಸ ಹಳೇ ತೇಗಿನಾಳ, ಹಣಮಪ್ಪನ ಗುಡಿ ಹಿಂದ. ಶ್ರಾವಣಕ್ಕೇ ಊರ ಮುಳುಗೇತಿ. ಆಮ್ಯಾಲೂ ಈ ಯಮ್ಮ ದಿನಾ ಮುಂಜಾನೆ ಸಂಜಿ ಅದೇ ಹೊಸ್ತಿಲಾ ದಾಟ್ಯಾಳ. ಎರಡಾಳ ನೀರಿನ ಕೆಳಗ! ಅದಕ್ಕ ಮಷೀನ್ ಏನಂತ ಬರದೈತಿ ಗೊತ್ತೈತೇನು? ಜಲಾಶಯದ ಒತ್ತುವರಿದಾರಳು. ಒತ್ತುವರಿ ಮಾಡಿದವರಿಗೆ ಪಿಂಚಣಿ ಎಲ್ಲಿಂದ ಬರಬೇಕು, ಔಷಧ ಎಲ್ಲಿಂದ ಬರಬೇಕು?”

“ಹೊಸ್ತಿಲಾ ನಾವು ಕಿತ್ಕೊಂಡು ಬಂದೇವ್ರಿ ಸಾಹೇಬ್ರ. ಹೊಸಾ ಮನಿಗೆ ಕುಂದ್ರಿಸೇವಿ. ಅವ್ವ ಇಲ್ಲೇ ಪುನರ್ವಸತಿ ಕೇಂದ್ರದಾಗ ಅದಾಳ. ವಿಳಾಸೊಂದು ಬದಲಾ ಮಾಡ್ರಿ.”

“ಸರಕಾರ ಪಟ್ಟಿ ಹಚ್ಚಿದ ಹೊಸ್ತಿಲಾ ಕೀಳಾಕ ಯಾರ ಹೇಳಿದ್ರಲೇ? ಎಂಟನೇತ್ತಕ್ಕ ಸಾಲಿ ಬಿಟ್ಟ ಕ್ವಾಣಗೋಳಿಗೆ ಕೀಳೂದೊಂದು ಗೊತ್ತು ನೋಡ್ರಿ. ತಲ್ಯಾಗ ಏನೂ ಇಲ್ಲ, ರಟ್ಟಿ ಅಷ್ಟ ಐತಿ.”

ಮತ್ತೊಮ್ಮೆ ನಗು. ಯಮನೂರನ ಕೈ ಕೌಂಟರಿನ ಅಂಚನ್ನು ಹಿಡಿದಿತ್ತು. ಇನ್ನಷ್ಟು ಹಿಡಿದಿದ್ದರೆ ಅಂಚೇ ಕಿತ್ತು ಬರುತ್ತಿತ್ತು. ಆದರೆ ಮನೆಯಲ್ಲಿ ಅವ್ವನ ಕಾಲುಗಳು ಬಾತು ಕಂಬದಂತಾಗಿದ್ದವು. ಸಿಟ್ಟು ಮಾಡಿಕೊಳ್ಳುವ ಹಕ್ಕು ಆ ಹೊತ್ತಿಗೆ ಅವನಿಗಿರಲಿಲ್ಲ.

ಸಾಹೇಬರು ಹಳೆಯ ಪಟ್ಟಿಯನ್ನು ಒಪ್ಪಿಸುವಂತೆ ಹೇಳಿ, ಹೊಸದೊಂದು ತಗಡಿನ ಪಟ್ಟಿಯನ್ನು ಎಸೆದರು. “ಹೊಸ್ತಿಲಕ್ಕ ಹಚ್ಚು. ನಿಮ್ಮವ್ವ ಅದರ ಮ್ಯಾಲೆ ನಡೀಲಿ. ನಡಿಗಿ ಹೊಂದಿದ್ರ ವಿಳಾಸ ತಾನ ಬದಲಾಗತೈತಿ. ಮುಂದಿನವರು ಯಾರ್ರಿ?”

*

ಈ ಹೆಜ್ಜೆಪಟ್ಟಿ ಬಂದದ್ದು ಬಡವರ ಮೇಲಿನ ಕರುಣೆಯಿಂದ ಎಂದು ಸರಕಾರ ಹೇಳಿತ್ತು. ಮೊದಲು ಜನ ಮನೆ ಬದಲಿಸಿದಾಗಲೆಲ್ಲ ಪಿಂಚಣಿಗೊಂದು ಅರ್ಜಿ, ದವಾಖಾನೆಗೊಂದು ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದರು. ದುಡಿದವರ ಹೆಬ್ಬೆಟ್ಟಿನ ಗೆರೆ ಅಳಿಸಿ ಹೋಗಿರುತ್ತಿತ್ತು, ಮುದುಕರ ಕಣ್ಣಿಗೆ ಪೊರೆ ಬಂದಿರುತ್ತಿತ್ತು, ಯಂತ್ರ ಅವರನ್ನು ಗುರುತಿಸುತ್ತಿರಲಿಲ್ಲ. ಆಗ ಯಾರೋ ವಿಜ್ಞಾನಿ ಹೇಳಿದನಂತೆ: ಬೆರಳು ಸವೆಯುತ್ತದೆ, ಕಣ್ಣು ಮಂಜಾಗುತ್ತದೆ, ಮನುಷ್ಯನ ನಡಿಗೆ ಮಾತ್ರ ಅವನದೇ ಆಗಿ ಉಳಿಯುತ್ತದೆ. ಆ ಪುಣ್ಯಾತ್ಮನ ತಾಯಿಗೆ ಮೊಣಕಾಲು ನೋವೇ ಬಂದಿರಲಿಲ್ಲವೇನೋ.

ಪಟ್ಟಿ ಅಂದರೆ ಒಂದು ಗೇಣು ಉದ್ದದ, ಎಲೆಯಷ್ಟು ತೆಳುವಾದ ತಗಡು. ತುಳಿದರೆ ಅದರೊಳಗೆ ಕೂದಲೆಳೆಯಷ್ಟು ವಿದ್ಯುತ್ತು ಹುಟ್ಟುತ್ತದೆ, ಬ್ಯಾಟರಿ ಬೇಡ. ಯಾವ ಕಾಲು ಮೊದಲು ಬಿತ್ತು, ಹಿಮ್ಮಡಿಯಿಂದ ಬೆರಳಿಗೆ ಭಾರ ಹೇಗೆ ಜಾರಿತು, ಎರಡು ಹೆಜ್ಜೆಯ ನಡುವೆ ಎಷ್ಟು ತಡ, ಇಷ್ಟನ್ನು ಅದು ಬೀದಿಯ ಕಂಬಕ್ಕೆ ಹೇಳುತ್ತದೆ, ಕಂಬ ನೆಲೆ ಕೇಂದ್ರಕ್ಕೆ ಹೇಳುತ್ತದೆ. ಯಾವ ಹೊಸ್ತಿಲನ್ನು ನಿನ್ನ ಕಾಲು ದಿನಾ ದಾಟುತ್ತದೋ ಅದೇ ನಿನ್ನ ವಿಳಾಸ. ಪಿಂಚಣಿ ಅಲ್ಲಿಗೆ, ಗುಳಿಗೆ ಅಲ್ಲಿಗೆ, ಆಂಬುಲೆನ್ಸೂ ಅಲ್ಲಿಗೇ.

ಒಂದು ವಿಷಯ ಮಾತ್ರ ಪಟ್ಟಿಗೆ ತಿಳಿಯದು: ತಾನು ಎಲ್ಲಿದ್ದೇನೆ ಅನ್ನುವುದು. ಹಚ್ಚಿದ ದಿನ ಹಚ್ಚಿದವನು ಬರೆದುಕೊಂಡ ಜಾಗವೇ ಅದರ ಜಾಗ, ಕೊನೆಯವರೆಗೂ, ಸುದ್ದಿ ಯಾವ ಕಂಬದಿಂದ ಬಂದರೂ. ಮನೆ ಎದ್ದು ನಡೆದು ಹೋಗುವುದಿಲ್ಲವಲ್ಲ ಎಂಬ ಧೈರ್ಯ.

ಆದರೆ ಹೊಳೆದಂಡೆಯ ಮುಳುಗಡೆ ಊರುಗಳಲ್ಲಿ ಮನೆ ನಡೆದೇ ಹೋಗುತ್ತದೆ. ಆಣೆಕಟ್ಟಿನ ಎತ್ತರ ಮತ್ತೆ ಏರಿಸಿದಾಗ ತೇಗಿನಾಳದ ಜನ ಕಲ್ಲು ಬಿಟ್ಟರು, ಮಣ್ಣು ಬಿಟ್ಟರು, ಹೊಸ್ತಿಲು ಮಾತ್ರ ಬಿಡಲಿಲ್ಲ. ಅಜ್ಜಿ ಮುತ್ತಜ್ಜಿಯರು ಅರಿಸಿನ ಕುಂಕುಮ ಹಚ್ಚಿ ಹಚ್ಚಿ ಕೆಂಪಾದ ಕಟ್ಟಿಗೆ ಅದು. ಮನೆಗೆ ಬಂದ ಸೊಸೆಯರೆಲ್ಲ ಅದನ್ನು ದಾಟಿಯೇ ಬಂದವರು. ಅದನ್ನು ನೀರಿಗೆ ಬಿಟ್ಟು ಬಂದರೆ ಹೊಸದು ಬರೀ ಗೋಡೆ ಆಗುತ್ತದೆ, ಮನೆ ಆಗುವುದಿಲ್ಲ. ಹಿಂದೆ ಒಂದು ಸಲ ಮುಳುಗಿದಾಗಲೂ ಹೀಗೇ ತಂದಿದ್ದರು. ಈ ಸಲವೂ ತಂದರು. ಅದರ ಅಡಿಯಲ್ಲಿ ಸರಕಾರದ ತಗಡು ಇದೆ ಅನ್ನುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಹಾಗಾಗಿ ಇಡೀ ಊರಿನವರು ಒಂದೇ ಏಟಿಗೆ ನೀರೊಳಗಿನ ಒತ್ತುವರಿದಾರರಾದರು. ಗಟ್ಟಿಮುಟ್ಟಾದವರು ಹೊಸ ಪಟ್ಟಿಯ ಮೇಲೆ ಒಂದಷ್ಟು ದಿನ ನಡೆದರು, ಹಳೆಯ ನಡಿಗೆಗೆ ಹೊಂದಿತು, ವಿಳಾಸ ಬದಲಾಯಿತು, ಮುಗಿಯಿತು. ಅವರಿಗೆ ಈಗ ನಗಲು ಬರುತ್ತಿತ್ತು.

ಹುಲಿಗೆವ್ವ ತಡ ಮಾಡಿದಳು. “ಸರಕಾರದ ಕೆಲಸ, ತಾನ ಆಗತೈತಿ ಬಿಡು” ಎಂದು ನಂಬಿದಳು. ಬದುಕಿಡೀ ಸರಕಾರಿ ದವಾಖಾನೆಯಲ್ಲಿ ದುಡಿದವಳು, ಸರಕಾರ ಅಂದರೆ ತನ್ನ ತವರುಮನೆ ಎಂದುಕೊಂಡಿದ್ದಳು. ಪಿಂಚಣಿ ನಿಂತಿತು. ಅದರ ಹಿಂದೆಯೇ ರಕ್ತದೊತ್ತಡದ ಗುಳಿಗೆ, ಸಕ್ಕರೆಯ ಗುಳಿಗೆ ನಿಂತವು. ಮಗನಿಗೆ ಹೇಳಲಿಲ್ಲ. ಹೇಳುವ ಹೊತ್ತಿಗೆ ಕಾಲಲ್ಲಿ ನೀರು ತುಂಬಿ, ಬೆರಳೊತ್ತಿದರೆ ಕುಳಿ ಬೀಳುತ್ತಿತ್ತು. ಮೂತ್ರಪಿಂಡಗಳು ಸೋತಿವೆ, ಯಂತ್ರಕ್ಕೆ ಹಾಕಿ ರಕ್ತ ಶುದ್ಧ ಮಾಡಬೇಕು ಎಂದು ಪೇಟೆಯ ಖಾಸಗಿ ಡಾಕ್ಟರು ಹೇಳಿದರು. ಆ ಯಂತ್ರವಿದ್ದದ್ದು ಸರಕಾರಿ ಆಸ್ಪತ್ರೆಯಲ್ಲಿ. ಅಲ್ಲಿ ವಿಳಾಸ ಕೇಳುತ್ತಾರೆ.

ಯಮನೂರ ಆಂಬುಲೆನ್ಸಿಗೆ ಫೋನು ಮಾಡಿದ್ದ. ಡ್ರೈವರ್ ಇಲ್ಲದ ಆ ಬಿಳಿ ಗಾಡಿ ಕೆಂಪು ದೀಪ ತಿರುಗಿಸುತ್ತ ಹಳೆಯ ತೇಗಿನಾಳದ ದಾರಿ ಹಿಡಿಯಿತು, ಹಿನ್ನೀರಿನ ಅಂಚಿಗೆ ಹೋಗಿ ನಿಂತಿತು, ಸ್ವಲ್ಪ ಹೊತ್ತು ನೀರಿಗೆ ಮುಖ ಮಾಡಿ ಕೂಗಿತು, ‘ರೋಗಿ ಬಾಗಿಲು ತೆರೆಯಲಿಲ್ಲ’ ಎಂದು ಸಂದೇಶ ಕಳಿಸಿ ತಿರುಗಿ ಹೋಯಿತು. ದಂಡೆಯ ಮೇಲೆ ಬಲೆ ಒಣಹಾಕುತ್ತಿದ್ದವರು ಇದನ್ನು ನೋಡಿ ಊರೆಲ್ಲ ಹೇಳಿದರು. ‘ಮೀನು’ ಅನ್ನುವ ಹೆಸರು ಹುಟ್ಟಿದ್ದು ಅಂದೇ.

*

ಹೊಸ ಪಟ್ಟಿ ಹಚ್ಚಿದ ದಿನ ಹುಲಿಗೆವ್ವ ಗೋಡೆ ಹಿಡಿದು, ಮಗನ ಹೆಗಲು ಹಿಡಿದು, ಹೊಸ್ತಿಲು ದಾಟಿದಳು. ಪಟ್ಟಿಯ ಜೊತೆ ಬಂದು ಬಾಗಿಲ ಮೇಲೆ ಕೂತಿದ್ದ ಪುಟ್ಟ ದೀಪ ಕೆಂಪಾಯಿತು.

“ಕ್ಷಮಿಸಿ, ಗುರುತು ಹೊಂದುತ್ತಿಲ್ಲ,” ಎಂದಿತು ಪಟ್ಟಿಯ ಹೆಣ್ಣುದನಿ. ಪುಸ್ತಕದಿಂದ ಎದ್ದು ಬಂದಂಥ ಕನ್ನಡ.

“ನಾನ ಅದೀನವಾ, ಹುಲಿಗೆವ್ವ,” ಎಂದಳು ಅವಳು ದೀಪದ ಕಡೆ ನೋಡಿ. ಮತ್ತೆ ದಾಟಿದಳು. ಮತ್ತೆ ಕೆಂಪು. ಮೂರನೆಯ ಸಲಕ್ಕೆ ಹೊಸ್ತಿಲ ಮೇಲೆಯೇ ಕುಸಿದು ಕೂತಳು. ಹೊಸ್ತಿಲ ಮೇಲೆ ಕೂರಬಾರದು ಎಂದು ಊರಿಗೆಲ್ಲ ಬುದ್ಧಿ ಹೇಳಿದವಳು.

ಯಮನೂರ ನೆಲೆ ಕೇಂದ್ರಕ್ಕೆ ಹೋದ. ಅಲ್ಲಿ ಪರದೆ ನೋಡುವ ಕೆಲಸದಲ್ಲಿ ಬಂದೇನವಾಜನಿದ್ದ. ಒಂದೇ ಬೆಂಚಿನಲ್ಲಿ ಕೂತು ಓದಿದವರು. ಯಮನೂರ ಅಪ್ಪ ಸತ್ತ ವರ್ಷ ಸಾಲಿ ಬಿಟ್ಟ, ಬಂದೇನವಾಜ ಮುಂದಕ್ಕೆ ಓದಿದ. ಕೇಂದ್ರ ಅಂದರೆ ತಣ್ಣನೆಯ ದೊಡ್ಡ ಕೋಣೆ. ಗೋಡೆಯ ತುಂಬ ಇಡೀ ಜಿಲ್ಲೆಯ ಹೊಸ್ತಿಲುಗಳು ಚುಕ್ಕಿಗಳಾಗಿ ಮಿನುಗುತ್ತಿದ್ದವು. ಯಾರೋ ಮನೆ ಸೇರಿದರೆ ಒಂದು ಚುಕ್ಕಿ, ಯಾರೋ ಹೊರಟರೆ ಒಂದು ಚುಕ್ಕಿ.

“ನೀ ಕುಂತಲ್ಲೇ ಬದಲಾ ಮಾಡ್ಲೇ,” ಅಂದ ಯಮನೂರ. “ಹಳೇ ತೇಗಿನಾಳ ತಗದು ಹೊಸಾ ತೇಗಿನಾಳ ಅಂತ ಬರಿ. ಒಂದ ಅಕ್ಷರದ ಕೆಲಸ.”

“ಕೈಲೆ ತಿದ್ದಾಕ ಬರೂದಿಲ್ಲೋ ದೋಸ್ತ. ಮೊದಲ ಕೈಲೆ ತಿದ್ದಿ ತಿದ್ದಿ ರೊಕ್ಕಾ ಹೊಡೀತಿದ್ರು. ಅದಕ್ಕಂತನ ಇದನ್ನ ತಂದಾರ. ಇಲ್ಲಿ ನೋಡೂದಷ್ಟ, ಮುಟ್ಟೂದಿಲ್ಲ.”

“ಮತ್ತ ಪಗಾರ ಯಾಕ ತಗೋತಿ?”

ಬಂದೇನವಾಜ ಅದಕ್ಕೆ ಸಿಟ್ಟಾಗಲಿಲ್ಲ. ಹುಲಿಗೆವ್ವನ ಹಳೆಯ ನಡಿಗೆಯನ್ನು ಪರದೆಗೆ ತಂದ. ಒಂದು ಗೆರೆ ಏರಿ, ಇಳಿದು, ಸ್ವಲ್ಪ ಎಳೆದುಕೊಂಡು, ಮತ್ತೆ ಏರುತ್ತಿತ್ತು. “ಇದು ನಿಮ್ಮವ್ವ. ಎಡಗಾಲು ಗಟ್ಟಿ ಊರತಾಳ, ಬಲಗಾಲು ಎಳೀತಾಳ. ಎಷ್ಟ ಚಂದ ಐತಿ ನೋಡು.”

ಯಮನೂರ ಪರದೆಗೆ ಮುಖ ಹತ್ತಿರ ತಂದ. ಅದು ಬಕೀಟಿನ ನಡಿಗೆ. ಬಲಗೈಯಲ್ಲಿ ಫಿನೈಲು ನೀರಿನ ಬಕೀಟು ಹಿಡಿದು ವಾರ್ಡಿನಿಂದ ವಾರ್ಡಿಗೆ ಓಡಾಡಿ, ಓಡಾಡಿ, ಬಕೀಟು ಇಲ್ಲದಾಗಲೂ ಮೈ ಎಡಕ್ಕೆ ವಾಲುತ್ತಿತ್ತು.

“ವಯಸ್ಸಾದ್ರ ನಡಿಗಿ ಬದಲಾಗೂದಿಲ್ಲೇನು? ಅದು ತಿಳಿಯೂದಿಲ್ಲ ಇದಕ್ಕ?”

“ತಿಳೀತೈತಿ. ಹೊಂದಿದ ಹೆಜ್ಜಿ ಪ್ರತಿಯೊಂದನ್ನೂ ಕೂಡಿಸ್ಕೋತೈತಿ, ಸಾವಕಾಶ ತನ್ನ ತಾನ ತಿದ್ಕೋತೈತಿ. ಆದ್ರ ಒಮ್ಮೆಲೆ ಬದಲಾದ್ರ ಇದು ಬ್ಯಾರೆ ಯಾರೋ ಅಂತೈತಿ. ನಿಮ್ಮವ್ವಗ ಒಮ್ಮೆಲೆ ಬಾವು ಬಂತು.”

“ಗುಳಿಗಿ ನಿಲ್ಲಿಸಿದವರು ನೀವು. ಬಾವು ಬಂದದ್ದು ಅದಕ್ಕ. ಈಗ ಬಾವು ಬಂದೈತಿ, ಅದಕ್ಕ ಗುಳಿಗಿ ಇಲ್ಲ ಅಂತೀರಿ.”

ಬಂದೇನವಾಜ ಆಚೀಚೆ ನೋಡಿದ. ದನಿ ತಗ್ಗಿಸಿ, “ಯಮನೂರ, ಈ ಮಷೀನಿಗೆ ಮನಷ್ಯಾ ಕಾಣೂದಿಲ್ಲ. ಮಾರಿ ಕಾಣೂದಿಲ್ಲ. ಬರೇ ನಡಿಗಿ ಕಾಣತೈತಿ. ನಾ ಏನೂ ಹೇಳಿಲ್ಲ, ನೀ ಏನೂ ಕೇಳಿಲ್ಲ. ಹೋಗು,” ಅಂದ.

*

ಅವ್ವನ ನಡಿಗೆ ಯಮನೂರನಿಗೆ ಹೊಸದೇನಲ್ಲ. ಸಣ್ಣವನಿದ್ದಾಗ ಖಾಲಿ ಡಬ್ಬಿ ಹಿಡಿದು ಅವಳ ಹಿಂದೆಯೇ ವಾಲಾಡುತ್ತ ನಡೆದು ಓಣಿಯನ್ನೆಲ್ಲ ನಗಿಸುತ್ತಿದ್ದ. ಅವಳು ತಿರುಗಿ ನೋಡಿ, ಹೊಡೆಯಲು ಕೈ ಎತ್ತಿ, ತಾನೇ ನಕ್ಕುಬಿಡುತ್ತಿದ್ದಳು.

ಈಗ ಬಕೀಟಿಗೆ ನೀರು ತುಂಬಿ ಬಲಗೈಯಲ್ಲಿ ಹಿಡಿದ. ಅವ್ವನ ಹಳೆಯ ಚಪ್ಪಲಿ ಮೆಟ್ಟಿದ. ಹುಲಿಗೆವ್ವ ಹಾಸಿಗೆಯ ಮೇಲೆ ದಿಂಬಿಗೆ ಒರಗಿ ಕೂತಿದ್ದಳು.

“ಹಂಗಲ್ಲೋ ಹಾಟ್ಯಾ, ಅದೇನ್ ಕುಡದವರಂಗ ಅಡ್ಡಾಡ್ತಿ? ನಾ ಹಂಗ ನಡೀತಿದ್ನ್ಯಾ?”

“ಮತ್ತ ಹೆಂಗ ನಡೀತಿದ್ದಿ, ತೋರ್ಸು ಬೇ.”

“ತೋರ್ಸಾಕ ಬಂದಿದ್ರ ನಿನಗ್ಯಾಕ ಹೇಳ್ತಿದ್ದೆ? ಬಲಗಾಲಿನ ಹೆಬ್ಬೆರಳು ನೆಲಕ್ಕ ಸವರಬೇಕು. ಅಲ್ಲಿ ನೆಲ ತೊಯ್ದಿರತೈತಿ, ಜಾರತೈತಿ ಅಂತ ಕಾಲಿಗೆ ಅಂಜಿಕಿ. ಆ ಅಂಜಿಕಿ ಇರ್ಲಿ ನಡಿಗ್ಯಾಗ.”

ಯಮನೂರ ಅಂಜಿಕೆ ಇಟ್ಟು ನಡೆದ. ಕೆಂಪು.

“ಎಡಗಾಲಿಗೆ ಗಡಿಬಿಡಿ ಬ್ಯಾಡ. ಹೆರಿಗಿ ವಾರ್ಡಿನ್ಯಾಗ ಕೂಸು ಮಲಗಿರತಾವ. ಸಪ್ಪಳಾ ಆಗಬಾರ್ದು.”

ಕೂಸುಗಳು ಮಲಗಿವೆ ಎಂದುಕೊಂಡು ನಡೆದ. ಕೆಂಪು. ಬಕೀಟಿನ ನೀರು ತುಳುಕಿ ಹೊಸ್ತಿಲು ತೊಯ್ದಿತು. ಹುಲಿಗೆವ್ವ ನಕ್ಕಳು. ನಗುವಾಗ ಉಸಿರು ಸಿಕ್ಕಿಕೊಂಡು ಕೆಮ್ಮಿದಳು. “ನಮ್ಮ ದೊಡ್ಡ ನರ್ಸಮ್ಮ ಇರಬೇಕಾಗಿತ್ತು. ಈ ಹುಡುಗನ್ನ ಕೆಲಸದಿಂದ ತಗೀರಿ ಅಂತಿದ್ಲು.”

ಹಾಗೆ ನಾಲ್ಕಾರು ದಿನ. ಗಾಡಿಯ ಬಾಡಿಗೆ ಬಿಟ್ಟ. ಮುಂಜಾನೆ ನಡೆದ, ಮಧ್ಯಾಹ್ನ ನಡೆದ. ಬೀದಿಯ ಮಂದಿ ನಿಂತು ನೋಡಿದರು. ಅವನ ಕಣ್ಣು ಕಂಡು ಯಾರೂ ಏನೂ ಕೇಳಲಿಲ್ಲ. ಒಂದು ಸಂಜೆ ಅವ್ವನಿಗೆ ಗಂಜಿ ಕುಡಿಸಿ, ಲೋಟ ತೊಳೆಯಲು ಹೊರಗೆ ಹೋಗುವಾಗ, ಯೋಚಿಸದೆಯೇ ಅವ್ವನ ಹೆಜ್ಜೆಯಲ್ಲಿ ಹೊಸ್ತಿಲು ದಾಟಿದ. ಹಸಿರು.

“ನಮಸ್ಕಾರ ಹುಲಿಗೆವ್ವನವರೇ. ನಿಮ್ಮ ಗುರುತು ದೊರೆತಿದೆ. ವಿಳಾಸ ಬದಲಾವಣೆಯ ಪ್ರಕ್ರಿಯೆ ಆರಂಭವಾಗಿದೆ.”

ತಾಯಿ ಮಗ ಒಬ್ಬರ ಮುಖ ಒಬ್ಬರು ನೋಡಿದರು. ಹುಲಿಗೆವ್ವ ಕೈ ಮುಗಿದಳು. ದೇವರಿಗೋ, ದೀಪಕ್ಕೋ, ಮಗನಿಗೋ, ಅವಳಿಗೇ ಗೊತ್ತು.

ಪ್ರಕ್ರಿಯೆ ಮುಗಿಯಲು ದಿನಗಳು ಬೇಕು. ನಡುವೆ ಎಲ್ಲಿ ತಪ್ಪಿದರೂ ಮೊದಲಿನಿಂದ. ಯಮನೂರ ಆ ಭಯಕ್ಕೆ ಒಂದು ಹೆಜ್ಜೆಯನ್ನೂ ತನ್ನದಾಗಿ ಇಡಲಿಲ್ಲ. ನೀರಿಗೆ ಹೋಗುವಾಗ, ಅಂಗಡಿಗೆ ಹೋಗುವಾಗ, ಬೇಕಿದ್ದಕ್ಕೆ, ಬೇಡದ್ದಕ್ಕೆ, ಒಂದು ನೂರು ಸಲ ದಾಟಿದರೆ ನೂರೂ ಸಲ ಹುಲಿಗೆವ್ವನಾಗಿ ದಾಟಿದ. ಬೇರೆಯವರಾಗಿದ್ದರೆ ದಿನಕ್ಕೆ ನಾಲ್ಕು ಸಲ ನಡೆದು ಸುಮ್ಮನಾಗುತ್ತಿದ್ದರು. ಇವನು ಸಿಟ್ಟಿನಲ್ಲಿ ನಡೆದ. ಕುಲಗೋಡ ಸಾಹೇಬನ ಎದೆಯ ಮೇಲೆ ಕಾಲಿಟ್ಟಂತೆ ನಡೆದ. ಕೊನೆಗೆ ಬಕೀಟು ಬೇಕಾಗಲಿಲ್ಲ. ಚಪ್ಪಲಿಯೂ ಬೇಕಾಗಲಿಲ್ಲ. ಒಂದು ದಿನ ಸಂತೆಯಲ್ಲಿ ಯಾರೋ ಹಿಂದಿನಿಂದ, “ಯಾಕೋ ಯಮನೂರ, ಕಾಲಿಗೆ ಏನಾತು? ಅವ್ವನಂಗ ಎಳಿಯಾಕತ್ತೀಯಲ್ಲ!” ಎಂದು ಕೂಗಿದರು. ಅವನಿಗೆ ಖುಷಿಯಾಯಿತು.

ವಿಳಾಸ ಬದಲಾಯಿತು. ಅವನು ಆ ಕ್ಷಣವೇ ಆಂಬುಲೆನ್ಸಿಗೆ ಫೋನು ಮಾಡಿದ.

*

ಈ ಸಲ ಬಿಳಿ ಗಾಡಿ ನೇರ ಮನೆಯ ಮುಂದೆಯೇ ಬಂದು ನಿಂತಿತು. ಓಣಿಯ ಹೆಂಗಸರು ಹೊರಗೆ ಬಂದರು. ಹುಲಿಗೆವ್ವ ಕಷ್ಟಪಟ್ಟು ಇಳಕಲ್ಲ ಸೀರೆ ಉಟ್ಟಿದ್ದಳು. ತಾನು ದುಡಿದ ಇಲಾಖೆಯ ಗಾಡಿ, ಹರಿದ ಸೀರೆಯಲ್ಲಿ ಹತ್ತಬಾರದು ಎಂದಿದ್ದಳು.

ಹಿಂಬಾಗಿಲು ತೆರೆಯಿತು. ಹತ್ತುವ ಮೆಟ್ಟಿಲ ಮೇಲೂ ಒಂದು ಪಟ್ಟಿ. ಬೇರೆಯವರ ಹೆಸರಿನಲ್ಲಿ ಬೇರೆಯವರು ಹೋಗಬಾರದಲ್ಲ. ಯಮನೂರ ಅವಳ ಎರಡೂ ರಟ್ಟೆ ಹಿಡಿದು ಎತ್ತಿ ನಿಲ್ಲಿಸಿದ. ಬಾತ ಪಾದ ಮೆಟ್ಟಿಲ ಮೇಲೆ ಬಿತ್ತು. ಕೆಂಪು.

“ಕ್ಷಮಿಸಿ. ಇವರು ಹುಲಿಗೆವ್ವನವರಲ್ಲ. ದಯವಿಟ್ಟು ರೋಗಿಯನ್ನು ಕರೆತನ್ನಿ.”

“ಆಕೀನ ಅದಾಳ!” ಯಮನೂರ ಮೆಟ್ಟಿಲು ಹತ್ತಿ ಒಳಗೆ ತಲೆ ಹಾಕಿ ಚೀರಿದ. ಅವನ ಕಾಲು ಪಟ್ಟಿಯ ಮೇಲಿತ್ತು. ದೀಪ ಹಸಿರಾಯಿತು.

“ನಮಸ್ಕಾರ ಹುಲಿಗೆವ್ವನವರೇ. ದಯವಿಟ್ಟು ಮಲಗಿಕೊಳ್ಳಿ. ಜೊತೆಯಲ್ಲಿರುವವರ ಗುರುತು ದೊರೆತಿಲ್ಲ, ಅವರು ಕೆಳಗಿಳಿಯಬೇಕು.”

ಓಣಿಯಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಯಾರೂ ನಗಲಿಲ್ಲ. ಹುಲಿಗೆವ್ವ ಮಗನ ಮುಖ ನೋಡಿದಳು, ದೀಪ ನೋಡಿದಳು. “ನಾ ಅಲ್ಲಂತೇನೋ?” ಎಂದು ಕೇಳಿದಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಹಾಜರಿ ಕೂಗುವಾಗ ತನ್ನ ಹೆಸರು ತಪ್ಪಿಹೋದವರು ಕೇಳುವ ಹಾಗೆ ಕೇಳಿದಳು.

ಅವಳನ್ನು ಟಂಟಂನಲ್ಲಿ ಕೌದಿ ಹಾಸಿ ಮಲಗಿಸಿ ತಾನೇ ಆಸ್ಪತ್ರೆಗೆ ಓಡಿಸಿದ. ಅಲ್ಲಿನ ದೊಡ್ಡ ಬಾಗಿಲು ಅವನಿಗೆ ತೆರೆಯಿತು, ಹುಲಿಗೆವ್ವನವರೇ ಎಂದು ಕರೆದು ಹಾಸಿಗೆಯ ಅಂಕಿಯನ್ನೂ ಹೇಳಿತು. ಅವಳಿಗೆ ತೆರೆಯಲಿಲ್ಲ. ಹೆಗಲ ಮೇಲೆ ಹೊತ್ತು ನುಗ್ಗಿದರೆ ಎರಡಾಳಿನ ಭಾರ ಎಂದು ಬಡಿದುಕೊಂಡು ಮುಚ್ಚಿತು. ಬಾಗಿಲ ಆಚೆಯಿಂದ ನರ್ಸು ಒಬ್ಬಳು ಕೈ ಬಾಯಿಗೆ ಇಟ್ಟುಕೊಂಡು ನೋಡುತ್ತಿದ್ದಳು. “ಅಣ್ಣಾರ, ಬಾಗಲಾ ಬಿಟ್ಟರ ನಾ ಎಲ್ಲಾ ಮಾಡತೇನ್ರಿ. ಬಾಗಲಾ ನನ್ನ ಮಾತ ಕೇಳೂದಿಲ್ರಿ. ನೆಲೆ ಕೇಂದ್ರದ್ದ ಒಂದ ಮಾತ ತರ್ರಿ,” ಎಂದಳು. ಗುರುತಿಲ್ಲದವರು ಕಾಯುವ ಬೆಂಚೊಂದು ಹೊರಗಿತ್ತು. ಅದರ ಮೇಲೆ ಅವ್ವನನ್ನು ಮಲಗಿಸಿ ಯಮನೂರ ಕೇಂದ್ರಕ್ಕೆ ಗಾಡಿ ಹೊಡೆದ.

ಬಂದೇನವಾಜ ಪರದೆಗೆ ಎರಡು ಗೆರೆ ತಂದ.

“ಇದು ಮೊದಲಿಂದು, ನಿಮ್ಮವ್ವಂದು. ಇದು ಈಗಿಂದು. ಹೊಂದಿದ ಹೆಜ್ಜಿ ಎಲ್ಲಾ ಕೂಡಿಸ್ಕೋತೈತಿ ಅಂತ ಹೇಳಿದ್ನಲ್ಲೋ. ನೀ ಎಷ್ಟ ನಡದೀಯಪಾ! ಆಕೀ ಗೆರಿ ಸಾವಕಾಶ ಸರದು ಸರದು…” ಅವನು ಎರಡನೆಯ ಗೆರೆಯ ಮೇಲೆ ಬೆರಳಿಟ್ಟ. “ಇದು ನೀನ, ಯಮನೂರ. ಈ ಜಿಲ್ಲಾದಾಗ ಹುಲಿಗೆವ್ವ ಅಂದ್ರ ಈಗ ನೀನ.”

“ಹಿಂದಕ್ಕ ಸರಸು.”

“ಹಿಂದಕ್ಕ ಸರಿಯೂದಿಲ್ಲದು. ಮರುಪರಿಶೀಲನಾಕ್ಕ ಹಾಕ್ತೇನಿ. ಹದಿನೈದ ದಿನ…”

ಯಮನೂರ ಉಳಿದದ್ದನ್ನು ಕೇಳಿಸಿಕೊಳ್ಳಲಿಲ್ಲ. ತಿರುಗಿ ಬಂದಾಗ ಬೆಂಚಿನ ಸುತ್ತ ನಾಲ್ಕು ಜನ ನಿಂತಿದ್ದರು. ನರ್ಸು ಬಾಗಿಲು ಬಿಟ್ಟು ಹೊರಗೆ ಬಂದು, ನೆಲಕ್ಕೆ ಮಂಡಿಯೂರಿ, ಹುಲಿಗೆವ್ವನ ಕೈ ಹಿಡಿದುಕೊಂಡಿದ್ದಳು. “ಈ ನೆಲಾ ಯಾರೂ ಸ್ವಚ್ಛ ಒರಸಿಲ್ಲ ಅಂದ್ರು ನೋಡ್ರಿ ಅವ್ವಾರು. ಅದ ಕಡೀ ಮಾತ,” ಎಂದಳು.

ಹೊಸ ಊರಿಗೆ ಇನ್ನೂ ಸುಡುಗಾಡಿನ ಜಾಗ ಗೊತ್ತುಮಾಡಿರಲಿಲ್ಲ. ಹಿನ್ನೀರಿನ ದಂಡೆಯಲ್ಲಿ, ಹಳೆಯ ಊರು ಕಾಣುವ ದಿಕ್ಕಿನಲ್ಲಿ, ಮಣ್ಣು ಮಾಡಿದರು. ಕಾಣಲು ಅಲ್ಲಿ ನೀರಷ್ಟೇ ಇತ್ತು.

*

ದಿನಕರ್ಮ ಮುಗಿದ ಮರುದಿನ ಯಮನೂರ ನೆಲೆ ಕಚೇರಿಗೆ ಹೋದ. ಯಾಕೆ ಹೋದ ಎಂದರೆ, ಬೈಯಲು ಹೋದ. ಅಂದು ನುಂಗಿಕೊಂಡದ್ದನ್ನೆಲ್ಲ ಕಕ್ಕಿ ಬರಬೇಕೆಂದು ಹೋದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ನಮ್ಮವ್ವ ಮೀನಲ್ಲ, ನೀವು ಬಲೆ ಬೀಸುವವರು. ಹೀಗೆ ಏನೇನೋ. ಕಚೇರಿಯ ಹೊಸ್ತಿಲು ದಾಟಿದ.

“ನಮಸ್ಕಾರ ಹುಲಿಗೆವ್ವನವರೇ.”

ಜೋಡಿಸಿಕೊಂಡ ಮಾತೆಲ್ಲ ಅಲ್ಲೇ ಉದುರಿತು.

ಕುಲಗೋಡ ಸಾಹೇಬರು ಪರದೆಯಿಂದ ಕಣ್ಣೆತ್ತಲಿಲ್ಲ. ಅಂದು ಅವರ ಮನಸ್ಸು ಹಗುರವಾಗಿತ್ತು. “ಬಾರವಾ ಹುಲಿಗೆವ್ವ, ಬಾ. ನಿಂದ ಎಲ್ಲಾ ಸುದ್ದ ಆತು ನೋಡು. ವಿಳಾಸ ಬದಲಾತು, ಒತ್ತುವರಿ ಹೋತು, ನಿಂತ ಪಿಂಚಣಿ ಎಲ್ಲಾ ಕೂಡಿ ಬಂದೈತಿ. ಆಸ್ಪತ್ರಿ ಹಾಸಿಗಿ ಸೈತ ತಯಾರ ಐತಿ, ಯಾಕ ಹೋಗಿ ಮಲಗಿಲ್ಲ?” ಆಮೇಲೆ ತಲೆ ಎತ್ತಿದರು. “ಏ, ನೀ ಏನಲೇ? ನಿಮ್ಮವ್ವ ಎಲ್ಲಿ?”

“ಅವ್ವ ಸತ್ಲು,” ಅಂದ ಯಮನೂರ.

ಸಾಹೇಬರು ಅವನನ್ನು ನೋಡಿದರು, ಪರದೆಯನ್ನು ನೋಡಿದರು. ಅವರಿಗೆ ಪರದೆಯ ಮೇಲೆ ನಂಬಿಕೆ ಹೆಚ್ಚು.

“ಸತ್ತಾಕಿ ಇವತ್ತ ಮುಂಜಾನೆ ಮನಿ ಹೊಸ್ತಿಲಾ ಹೆಂಗ ದಾಟ್ಯಾಳೋ? ನಿನ್ನೆ ಮೂರು ಸಲ ದಾಟ್ಯಾಳ. ಇಲ್ಲಿ ಬರದೈತಿ. ಅಂದ ನೀರಾಗ ಇಲ್ಲ ಅಂದಿ, ಇವತ್ತ ಭೂಮಿ ಮ್ಯಾಲ ಇಲ್ಲ ಅಂತಿ. ಜೀವಂತ ತಾಯೀನ ಸಾಯಸ್ತೀಯಲ್ಲಲೇ, ನಾಚಿಕಿ ಬರೂದಿಲ್ಲ? ಏನ್ರೀ, ನೋಡ್ರಿ ಇವನ್ನ!”

ಈ ಸಲ ಯಾರೂ ನಗಲಿಲ್ಲ. ಮಣ್ಣಿಗೆ ಬಂದವರು ಇಬ್ಬರು ಪಾಳಿಯಲ್ಲಿದ್ದರು. ಅವರು ನೆಲ ನೋಡಿದರು. ಅವರ ಕೆಲಸವೂ ಸಾಹೇಬರ ಕೈಯಲ್ಲಿತ್ತು.

ಸಾಹೇಬರು ಪರದೆಯ ಮೇಲೆ ಬೆರಳಾಡಿಸಿದರು. ಹುಬ್ಬು ಗಂಟಿಕ್ಕಿದರು. ಆಮೇಲೆ ಹಿಂದಕ್ಕೆ ಒರಗಿ ಅವರೇ ನಕ್ಕರು.

“ಇರ್ಲಿ. ಇಲ್ಲೊಂದು ಮಜಾ ಐತಿ. ನಿಮ್ಮ ಮನ್ಯಾಗ ಹುಲಿಗೆವ್ವ ಒಬ್ಬಾಕಿನ ಇರ್ತಾಳ. ಯಮನೂರ ಅನ್ನಾಂವ ಎಷ್ಟೋ ದಿನಾತು ಯಾವ ಹೊಸ್ತಿಲಾನೂ ದಾಟಿಲ್ಲ. ನಿನ್ನ ವಿಳಾಸ ರದ್ದ ಆಗೇತಿ. ಊರ ಇಲ್ಲ, ಮನಿ ಇಲ್ಲ, ನೀ ಅನ್ನೂದ ಇಲ್ಲ ಈಗ. ಅವ್ವಂದ ಕೇಳಾಕ ಬಂದೀಯಲ್ಲ, ಮೊದಲ ನಿಂದ ಹೇಳು. ಎಲ್ಲಿರ್ತೀಯಲೇ ನೀ?”

ಎಲ್ಲರೂ ಯಮನೂರನ ಬಾಯನ್ನೇ ನೋಡಿದರು.

“ಹೇಳಲೇ. ಎಲ್ಲಿರ್ತಿ? ನಿನ್ನ ಕೇಳಾಕತ್ತೇನಿ!”

ಯಮನೂರ ಬೆನ್ನು ತಿರುಗಿಸಿದ. 

“ಹೋಗಿ ಬನ್ನಿ ಹುಲಿಗೆವ್ವನವರೇ,” ಎಂದಿತು ಹೊಸ್ತಿಲು. “ನಿಮ್ಮ ಆರೋಗ್ಯ ನಮ್ಮ ಹೊಣೆ.”

ಅವನು ಎಡಗಾಲು ಊರಿ, ಬಲಗಾಲಿನ ಹೆಬ್ಬೆರಳು ಸವರಿ, ಮಲಗಿದ ಕೂಸುಗಳು ಏಳದ ಹಾಗೆ, ಸಪ್ಪಳವಿಲ್ಲದೆ ಬಿಸಿಲಿಗೆ ಇಳಿದು ಹೋದ.